"ಐವತ್ತರಲ್ಲೇ ಇದ್ದೆ ಸರ್"



ಕಳೆದ ಡಿಸೆಂಬರಿನಲ್ಲಿ ನಮ್ಮ ಕಾಲೇಜಿನ ಗೇಟಿನ ಮುಂದೆ ನಡೆದ ಘಟನೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಂಜೆಯ ಬೆಲ್ ಹೊಡೆದು ಹತ್ತು ನಿಮಿಷವಾಗಿತ್ತು. ಪ್ರಥಮ ಪಿಯುಸಿಯ ಒಬ್ಬ ವಿದ್ಯಾರ್ಥಿನಿ ಎದುರಿನ ಬಸ್ ತಂಗುದಾಣಕ್ಕೆ ಹೋಗಲು ರಸ್ತೆ ದಾಟುತ್ತಿದ್ದಳು. ನಿಂತಿದ್ದ ವ್ಯಾನಿನ ಮರೆಯಿಂದ ಅವಳು ಹೊರಗೆ ಕಾಲಿಟ್ಟದ್ದೂ ಬೈಕೊಂದು ಬಂದು ಬಡಿದದ್ದೂ ಒಟ್ಟಿಗೇ ಆದಂತೆ ಕಂಡಿತು. ಅವಳ ಕಾಲಿನ ಮೂಳೆ ಎರಡು ಕಡೆ ಮುರಿಯಿತು. ಮೂರು ತಿಂಗಳು ತರಗತಿಗೆ ಬರಲಾಗಲಿಲ್ಲ. ಈಗ ನಡೆಯುತ್ತಾಳೆ, ಓದುತ್ತಿದ್ದಾಳೆ. ಆದರೆ ಇಂದಿಗೂ ರಸ್ತೆ ದಾಟುವಾಗ ಗೆಳತಿಯ ಕೈ ಹಿಡಿದುಕೊಳ್ಳುತ್ತಾಳೆ.

ಬೈಕಿನ ಯುವಕ ಓಡಿಹೋಗಲಿಲ್ಲ. ಆಟೋದಲ್ಲಿ ನಮ್ಮ ಜೊತೆಗೇ ಆಸ್ಪತ್ರೆಗೆ ಬಂದ. ಅಲ್ಲಿನ ಬೆಂಚಿನ ಮೇಲೆ ನಡುಗುತ್ತ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ: "ನಾನು ಸ್ಪೀಡಲ್ಲಿ ಇರಲಿಲ್ಲ ಸರ್. ಐವತ್ತರಲ್ಲೇ ಇದ್ದೆ." ಅವಳು ಕಣ್ಣಿಗೆ ಬಿದ್ದಾಗ ನಡುವೆ ಸುಮಾರು ಹದಿನೈದು ಮೀಟರ್ ಅಂತರವಿತ್ತು ಎಂದೂ ಹೇಳಿದ. ಆ ಹೊತ್ತಿಗೆ ನನಗೆ ಸಿಟ್ಟು ಬಂದಿತ್ತು. ಸ್ಪೀಡಲ್ಲಿ ಇಲ್ಲದಿದ್ದರೆ ಇಷ್ಟಾಗುತ್ತಿತ್ತೇ ಎಂದು ಕೇಳಿಯೂಬಿಟ್ಟೆ.

ಆಮೇಲೆ ಸಮಾಧಾನವಾಗಿ ಕೂತು ಲೆಕ್ಕ ಹಾಕಿದೆ. ಕಾನೂನಿನ ಪುಸ್ತಕವನ್ನೂ ನೋಡಿದೆ. ಆ ಹುಡುಗ ಹೇಳಿದ್ದು ಸುಳ್ಳಲ್ಲ ಎಂದು ಗೊತ್ತಾದಾಗ ನನ್ನ ಚಿಂತೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆ ಲೆಕ್ಕವನ್ನೇ ಈ ಸಂಚಿಕೆಯಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಇದಕ್ಕೆ ಬೇಕಾದ ಭೌತಶಾಸ್ತ್ರವೆಲ್ಲ ನೀವು ಪ್ರಥಮ ಪಿಯುಸಿಯಲ್ಲೇ ಓದಿದ್ದು.

ನಿಲ್ಲಲು ಎಷ್ಟು ದೂರ ಬೇಕು?

ಓಡುವ ವಾಹನ ನಿಲ್ಲಲು ಎರಡು ಹಂತಗಳಿವೆ. ಮೊದಲನೆಯದು ಕಣ್ಣು ಕಂಡದ್ದನ್ನು ಮೆದುಳು ಅರಿತು, ಕೈಕಾಲು ಬ್ರೇಕ್ ಒತ್ತುವವರೆಗಿನ ಸಮಯ. ಎಚ್ಚರದಿಂದಿರುವ ಚಾಲಕನಿಗೂ ಇದಕ್ಕೆ ಸುಮಾರು ಒಂದು ಸೆಕೆಂಡ್ ಬೇಕೆಂದು ಇಟ್ಟುಕೊಳ್ಳೋಣ. ಈ ಒಂದು ಸೆಕೆಂಡಿನಲ್ಲಿ ವಾಹನ ಮೊದಲಿನ ವೇಗದಲ್ಲೇ ಓಡುತ್ತಿರುತ್ತದೆ. ಎರಡನೆಯದು ಬ್ರೇಕ್ ಹಿಡಿದ ಮೇಲೆ ಪೂರ್ತಿ ನಿಲ್ಲುವವರೆಗಿನ ದೂರ. ಇಲ್ಲಿ ನೀವು ಬಾಯಿಪಾಠ ಮಾಡಿದ 'ವಿ ಸ್ಕ್ವೇರ್ ಸಮ ಯು ಸ್ಕ್ವೇರ್ ಪ್ಲಸ್ ಟೂ ಎ ಎಸ್' ಸೂತ್ರ ಉಪಯೋಗಕ್ಕೆ ಬರುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಒಳ್ಳೆಯ ಬ್ರೇಕಿಗೆ ಪ್ರತಿ ಸೆಕೆಂಡಿಗೆ 6 ಮೀಟರಿನಷ್ಟು ವೇಗ ಇಳಿಯುತ್ತದೆ ಎಂದು ಇಟ್ಟುಕೊಳ್ಳೋಣ.

ಗಂಟೆಗೆ 30 ಕಿ.ಮೀ. ಎಂದರೆ ಸೆಕೆಂಡಿಗೆ 8.3 ಮೀಟರ್. ಮೊದಲ ಹಂತದಲ್ಲಿ 8.3 ಮೀ., ಬ್ರೇಕಿನ ಹಂತದಲ್ಲಿ 5.8 ಮೀ., ಒಟ್ಟು 14.1 ಮೀ.
ಗಂಟೆಗೆ 40 ಕಿ.ಮೀ. ಆದರೆ 11.1 ಮೀ. ಮತ್ತು 10.3 ಮೀ., ಒಟ್ಟು 21.4 ಮೀ.
ಗಂಟೆಗೆ 50 ಕಿ.ಮೀ. ಆದರೆ 13.9 ಮೀ. ಮತ್ತು 16.1 ಮೀ., ಒಟ್ಟು 30 ಮೀ.
ಗಂಟೆಗೆ 60 ಕಿ.ಮೀ. ಆದರೆ 16.7 ಮೀ. ಮತ್ತು 23.1 ಮೀ., ಒಟ್ಟು 39.8 ಮೀ.

ಈಗ ಆ ಸಂಜೆಯ ಹದಿನೈದು ಮೀಟರಿಗೆ ಬನ್ನಿ. ಬೈಕ್ 30ರಲ್ಲಿ ಇದ್ದಿದ್ದರೆ ಹುಡುಗಿಗಿಂತ ಒಂದು ಮೀಟರಿನಷ್ಟು ಈಚೆಗೇ ನಿಲ್ಲುತ್ತಿತ್ತು. ಅವಳು ಹೆದರಿ ಚೀರುತ್ತಿದ್ದಳು, ಅವನು ಎರಡು ಮಾತು ಬೈಯುತ್ತಿದ್ದ, ಇಬ್ಬರೂ ಮನೆಗೆ ಹೋಗುತ್ತಿದ್ದರು. ಅದೇ 50ರಲ್ಲಿ ಇದ್ದಾಗ ಹದಿನೈದು ಮೀಟರಿನ ಪೈಕಿ ಸುಮಾರು ಹದಿನಾಲ್ಕು ಮೀಟರ್ ಬ್ರೇಕ್ ಒತ್ತುವ ಮೊದಲೇ ಮುಗಿದಿರುತ್ತದೆ. ಉಳಿದ ಒಂದು ಮೀಟರಿನಲ್ಲಿ ಬ್ರೇಕ್ ಮಾಡುವುದು ಏನೂ ಇಲ್ಲ. ಸೂತ್ರಕ್ಕೆ ಬೆಲೆಗಳನ್ನು ಹಾಕಿ ನೋಡಿ: ಬಡಿಯುವ ಕ್ಷಣದಲ್ಲಿ ವೇಗ ಗಂಟೆಗೆ 48 ಕಿ.ಮೀ.

40ರಲ್ಲಿ ಇದ್ದಿದ್ದರೆ? ಬಡಿಯುವಾಗ ಇನ್ನೂ 31 ಕಿ.ಮೀ. ವೇಗವಿರುತ್ತದೆ. ಅಂದರೆ 30ರ ವಾಹನ ಪೂರ್ತಿ ನಿಂತ ಜಾಗಕ್ಕೆ 40ರ ವಾಹನ 30ಕ್ಕಿಂತ ಹೆಚ್ಚಿನ ವೇಗದಲ್ಲಿ ಬಂದು ತಲುಪುತ್ತದೆ. ಸ್ಪೀಡೋಮೀಟರಿನಲ್ಲಿ ಮುಳ್ಳು ಒಂದು ಬೆರಳಿನಷ್ಟೂ ಸರಿದಿರುವುದಿಲ್ಲ. ರಸ್ತೆಯ ಮೇಲೆ ಆ ವ್ಯತ್ಯಾಸ ಒಂದು ಕಾಲಿನದ್ದು, ಕೆಲವೊಮ್ಮೆ ಒಂದು ಜೀವದ್ದು.

ಇದು ಒಣ ರಸ್ತೆಯ ಮಾತು. ಜೂನ್ ತಿಂಗಳ ಒದ್ದೆ ರಸ್ತೆಯಲ್ಲಿ ಬ್ರೇಕಿನ ಹಿಡಿತ ಅರ್ಧಕ್ಕಿಳಿದರೆ 30ರ ವಾಹನಕ್ಕೆ ನಿಲ್ಲಲು 20 ಮೀಟರ್ ಬೇಕು, 50ರ ವಾಹನಕ್ಕೆ 46 ಮೀಟರ್. ನಮ್ಮ ಗೇಟಿನಿಂದ ಮುಂದಿನ ಕಿರಾಣಿ ಅಂಗಡಿಯನ್ನೂ ದಾಟಿ ಹೋಗುವ ದೂರ ಅದು.

ಪೆಟ್ಟಿನ ಲೆಕ್ಕ

ಚಲನಶಕ್ತಿ ವೇಗದ ವರ್ಗದ ಜೊತೆ ಹೆಚ್ಚುತ್ತದೆ. 30ರಿಂದ 50ಕ್ಕೆ ವೇಗ ಒಂದೂ ಮುಕ್ಕಾಲು ಪಟ್ಟಿನಷ್ಟೂ ಆಗುವುದಿಲ್ಲ, ಶಕ್ತಿ ಮಾತ್ರ 2.8 ಪಟ್ಟು ಆಗುತ್ತದೆ. ಇದನ್ನು ಇನ್ನೊಂದು ರೀತಿಯಲ್ಲಿ ನೋಡಬಹುದು. ಎಷ್ಟು ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅಷ್ಟೇ ವೇಗ ಬರುತ್ತದೆ? 30 ಕಿ.ಮೀ.ಗೆ ಮೂರೂವರೆ ಮೀಟರ್, ಅಂದರೆ ನಮ್ಮ ಮೊದಲ ಮಹಡಿಯ ವರಾಂಡ. 50 ಕಿ.ಮೀ.ಗೆ ಸುಮಾರು 10 ಮೀಟರ್, ಅಂದರೆ ಲ್ಯಾಬ್ ಕಟ್ಟಡದ ತಾರಸಿ. ಆ ತಾರಸಿಯ ಬಾಗಿಲಿಗೆ ನಾವು ಸದಾ ಬೀಗ ಹಾಕಿರುತ್ತೇವೆ. ಅಷ್ಟೇ ಅಪಾಯದ ರಸ್ತೆಗೆ ಮಾತ್ರ ದಿನಾ ಗೇಟು ತೆರೆದು ನಿಮ್ಮನ್ನು ಕಳಿಸುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಸರಾಸರಿ ವೇಗ ಶೇ. 1ರಷ್ಟು ಹೆಚ್ಚಿದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ. 4ರಷ್ಟು ಹೆಚ್ಚುತ್ತದೆ. ಕಾರಿನ ಮುಂಭಾಗ ಬಡಿದ ಪಾದಚಾರಿ ಸಾಯುವ ಸಾಧ್ಯತೆ 50ರಿಂದ 65 ಕಿ.ಮೀ.ಗೆ ಹೋಗುವಷ್ಟರಲ್ಲಿ 4.5 ಪಟ್ಟು ಆಗುತ್ತದೆ. ಈ ಒಂದಕ್ಕೆ ನಾಲ್ಕು ಎಂಬುದು ಎಲ್ಲಿಂದ ಬಂತು? ಸ್ವೀಡನ್ನಿನ ಸಂಶೋಧಕ ಯೋರಾನ್ ನಿಲ್ಸನ್ ಅವರು ವೇಗದ ಮಿತಿ ಬದಲಾದ ರಸ್ತೆಗಳ ಅಂಕಿಅಂಶಗಳಿಂದ ಒಂದು ಸರಳ ನಿಯಮ ಕಂಡುಕೊಂಡರು. ಗಾಯದ ಅಪಘಾತಗಳು ಸರಾಸರಿ ವೇಗದ ಎರಡನೇ ಘಾತದಂತೆ, ಸಾವಿನ ಅಪಘಾತಗಳು ನಾಲ್ಕನೇ ಘಾತದಂತೆ ಏರಿಳಿಯುತ್ತವೆ. 1.01ರ ನಾಲ್ಕನೇ ಘಾತ ಎಷ್ಟು? ಸುಮಾರು 1.04. ಇದೇ ಆ ಶೇ. 4. ತಿರುಗಿಸಿ ನೋಡಿದರೆ, ಸರಾಸರಿ ವೇಗ ಶೇ. 10 ಇಳಿದರೆ 0.9ರ ನಾಲ್ಕನೇ ಘಾತ 0.66, ಅಂದರೆ ಸಾವಿನ ಅಪಘಾತ ಮೂರನೇ ಒಂದು ಭಾಗ ಕಡಿಮೆ. ಎಲ್ಲರೂ ಪೂರ್ತಿ ನಿಯಮ ಪಾಲಿಸಬೇಕೆಂದಿಲ್ಲ, ಸರಾಸರಿ ಸ್ವಲ್ಪ ಇಳಿದರೂ ಜೀವ ಉಳಿಯುತ್ತದೆ ಎಂಬುದು ಇದರ ಅರ್ಥ.

ಒಂದು ದೇಶ ಮಾಡಿ ನೋಡಿದ ಪ್ರಯೋಗ

ಕಾಗದದ ಲೆಕ್ಕ ಸರಿ, ನಿಜವಾದ ಊರುಗಳಲ್ಲಿ ಇದು ನಡೆಯುತ್ತದೆಯೇ? ಈ ಪ್ರಶ್ನೆ ಹಿಡಿದು ಹುಡುಕಿದಾಗ ನನಗೆ ಸಿಕ್ಕ ಒಳ್ಳೆಯ ಉದಾಹರಣೆ ಬ್ರಿಟನ್ನಿನ ವೇಲ್ಸ್. ಸುಮಾರು 31 ಲಕ್ಷ ಜನರ ನಾಡು. ಅಲ್ಲಿ ಬೀದಿದೀಪಗಳಿರುವ, ಮನೆ ಅಂಗಡಿಗಳ ನಡುವಿನ ರಸ್ತೆಗಳಲ್ಲಿ ಸಾಮಾನ್ಯ ಮಿತಿ ಗಂಟೆಗೆ 30 ಮೈಲಿ, ಅಂದರೆ 48 ಕಿ.ಮೀ. ಇತ್ತು. 2022ರಲ್ಲಿ ಅಲ್ಲಿನ ಶಾಸನಸಭೆ ಒಪ್ಪಿಗೆ ಕೊಟ್ಟು, 2023ರ ಸೆಪ್ಟೆಂಬರ್ 17ರಿಂದ ಅದನ್ನು 20 ಮೈಲಿಗೆ, ಅಂದರೆ 32 ಕಿ.ಮೀ.ಗೆ ಇಳಿಸಿತು.

ಜನ ಸಂತೋಷದಿಂದ ಒಪ್ಪಿಕೊಂಡರೆಂದು ತಿಳಿಯಬೇಡಿ. ವಿರೋಧಿಸಿ ಸಲ್ಲಿಸಿದ ಮನವಿಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಪ್ರಯಾಣದ ಸಮಯ ಹೆಚ್ಚುವುದರಿಂದ ಮೂವತ್ತು ವರ್ಷಗಳಲ್ಲಿ ಆರ್ಥಿಕತೆಗೆ 450 ಕೋಟಿ ಪೌಂಡ್‌ವರೆಗೆ ಹೊರೆಯಾಗಬಹುದೆಂದು ಸರ್ಕಾರದ ಅಂದಾಜೇ ಹೇಳಿತ್ತು. ವಿರೋಧಿಗಳು ಅದನ್ನೇ ಎತ್ತಿ ತೋರಿಸಿದರು. 2024ರಲ್ಲಿ ಸರ್ಕಾರ ಸ್ವಲ್ಪ ಬಗ್ಗಿತು. ಯಾವ ರಸ್ತೆಗಳನ್ನು ಮತ್ತೆ 30 ಮೈಲಿಗೆ ಏರಿಸಬಹುದು ಎಂದು ನಿರ್ಧರಿಸಲು ಸ್ಥಳೀಯ ಸಂಸ್ಥೆಗಳಿಗೆ ಹೆಚ್ಚಿನ ಅವಕಾಶ ಕೊಟ್ಟಿತು. ಆದರೆ ಸಾಮಾನ್ಯ ಮಿತಿಯನ್ನು 20ರಲ್ಲೇ ಉಳಿಸಿಕೊಂಡಿತು.

ಫಲ ಏನಾಯಿತು? ಎಲ್ಲರೂ 20ಕ್ಕೆ ಇಳಿಯಲಿಲ್ಲ. ಮುಖ್ಯ ರಸ್ತೆಗಳಲ್ಲಿ ಅಳೆದಾಗ ಸರಾಸರಿ ವೇಗ ಸುಮಾರು 29 ಮೈಲಿಯಿಂದ 25ಕ್ಕೆ ಬಂದಿತ್ತು, ಅಷ್ಟೇ. ಇದು ಶೇ. 14ರ ಇಳಿಕೆ. ನಿಲ್ಸನ್ ಅವರ ಎರಡನೇ ಘಾತ ಹಾಕಿ ನೋಡಿ: 0.86ರ ವರ್ಗ 0.74. ಅಂದರೆ ಗಾಯದ ಅಪಘಾತ ಕಾಲು ಭಾಗದಷ್ಟು ಕಡಿಮೆಯಾಗಬೇಕು. ಮೊದಲ ವರ್ಷದಲ್ಲಿ 20 ಮತ್ತು 30 ಮೈಲಿ ಮಿತಿಯ ರಸ್ತೆಗಳಲ್ಲಿ ಸತ್ತವರು ಮತ್ತು ಗಾಯಗೊಂಡವರ ಒಟ್ಟು ಸಂಖ್ಯೆ ಇಳಿದದ್ದೂ ಹೆಚ್ಚುಕಡಿಮೆ ಕಾಲು ಭಾಗ. ಒಂದು ವರ್ಷದ ಅಂಕಿಯಿಂದ ಎಲ್ಲವೂ ಸಾಬೀತಾಯಿತು ಎನ್ನಲಾಗದು. ಹವಾಮಾನ, ವಾಹನ ಸಂಚಾರ ಇತ್ಯಾದಿ ಬೇರೆ ಕಾರಣಗಳೂ ಇರುತ್ತವೆ. ಆದರೆ ಲೆಕ್ಕ ಮತ್ತು ರಸ್ತೆ ಒಂದೇ ದಿಕ್ಕನ್ನು ತೋರಿಸುತ್ತಿವೆ.

ವೇಲ್ಸ್ ಒಂದೇ ಅಲ್ಲ. ಆಸ್ಟ್ರಿಯದ ಗ್ರಾಟ್ಸ್ ನಗರ 1992ರಲ್ಲೇ ತನ್ನ ಒಳರಸ್ತೆಗಳಿಗೆ 30 ಕಿ.ಮೀ. ಮಿತಿ ಹಾಕಿತು. ಸ್ಪೇನ್ 2021ರ ಮೇ ತಿಂಗಳಿಂದ ನಗರಗಳಲ್ಲಿ ದಿಕ್ಕಿಗೊಂದೇ ಪಥವಿರುವ ರಸ್ತೆಗಳಿಗೆ ಇದೇ ಮಿತಿ ತಂದಿತು. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅರ್ಧಕ್ಕೂ ಹೆಚ್ಚು ಬೀದಿಗಳ ಮಿತಿ 30. 2025ರ ಜುಲೈಗೆ ಆ ನಗರ ರಸ್ತೆ ಅಪಘಾತದಲ್ಲಿ ಒಂದೂ ಸಾವಿಲ್ಲದೆ ಪೂರ್ತಿ ಒಂದು ವರ್ಷ ಕಳೆಯಿತು. ಅಲ್ಲಿ ಫಲಕದ ಜೊತೆಗೆ ರಸ್ತೆಯ ವಿನ್ಯಾಸ, ಕ್ಯಾಮೆರಾ, ಒಳ್ಳೆಯ ಬಸ್ಸು ಟ್ರಾಮುಗಳೂ ಇದ್ದವು ಎಂಬುದನ್ನು ಸೇರಿಸಿಯೇ ಹೇಳಬೇಕು.

ನಮ್ಮ ಕಾನೂನು ಏನು ಹೇಳುತ್ತದೆ?

ಈಗ ಆ ಯುವಕನ ಮಾತಿಗೆ ಮರಳೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಪುರಸಭೆ, ನಗರಸಭೆ ವ್ಯಾಪ್ತಿಯ ರಸ್ತೆಗಳಲ್ಲಿ ಗರಿಷ್ಠ ವೇಗ ಕಾರಿಗೆ 70 ಕಿ.ಮೀ., ಬೈಕಿಗೆ 60, ಆಟೋರಿಕ್ಷಾಕ್ಕೆ 50. ನಮ್ಮ ರಸ್ತೆಯಲ್ಲಿ ಇದಕ್ಕಿಂತ ಕಡಿಮೆ ಮಿತಿಯ ಫಲಕ ಯಾವುದೂ ಇಲ್ಲ. ಅಜಾಗರೂಕ ಚಾಲನೆಯ ಪ್ರಶ್ನೆ ಬೇರೆ. ವೇಗದ ಮಟ್ಟಿಗೆ ಹೇಳುವುದಾದರೆ ಅವನು ಮಿತಿಗಿಂತ ಹತ್ತು ಕಿ.ಮೀ. ಕೆಳಗೇ ಇದ್ದ.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ವಿಷಯ ಇರುವುದು. ಅಪಘಾತ ಎಂದಕೂಡಲೇ ನಾವು ನಿಯಮ ಮುರಿದವನನ್ನು ಹುಡುಕುತ್ತೇವೆ. ಕೆಲವು ಸಲ ನಿಯಮ ಮುರಿದವರೇ ಇರುವುದಿಲ್ಲ, ನಿಯಮವೇ ತಪ್ಪಿರುತ್ತದೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರವಾಗಲಿ ಅದು ಅಧಿಕಾರ ಕೊಟ್ಟ ಪ್ರಾಧಿಕಾರವಾಗಲಿ ಸಾರ್ವಜನಿಕರ ಸುರಕ್ಷತೆಗಾಗಿ ಒಂದು ಪ್ರದೇಶದ ಅಥವಾ ರಸ್ತೆಯ ವೇಗದ ಮಿತಿಯನ್ನು ಇಳಿಸಬಹುದು, ಫಲಕ ಹಾಕಬೇಕು. ದಾರಿ ಇದೆ. ಆದರೆ ಅದು ಒಂದೊಂದೇ ರಸ್ತೆಯ ದಾರಿ. ಪ್ರತಿ ಶಾಲೆಯವರೂ ಪ್ರತಿ ಬೀದಿಯವರೂ ತಮ್ಮ ರಸ್ತೆ ಅಪಾಯದ್ದೆಂದು ತೋರಿಸಬೇಕು. ತೋರಿಸಲು ಸಾಮಾನ್ಯವಾಗಿ ಒಂದು ಅಪಘಾತ ನಡೆದಿರಬೇಕು. ವೇಲ್ಸ್ ಈ ಹೊಣೆಯನ್ನು ತಿರುವು ಮುರುವು ಮಾಡಿತು. ಜನ ಓಡಾಡುವ ರಸ್ತೆ ಎಂದರೆ ನಿಧಾನವೇ ಸಾಮಾನ್ಯ, ಹೆಚ್ಚು ವೇಗ ಬೇಕೆಂದವರು ಕಾರಣ ಕೊಡಲಿ ಎಂದಿತು. ಸಣ್ಣ ಬದಲಾವಣೆಯಂತೆ ಕಂಡರೂ ಮಗುವಿನ ಕಾಲು ಮುರಿಯುವುದಕ್ಕೆ ಮೊದಲು ಕೆಲಸ ಮಾಡುವುದು ಅದೇ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ 32,825 ಮಂದಿ ಪಾದಚಾರಿಗಳು. ಒಟ್ಟು ಸಾವುಗಳಲ್ಲಿ ಶೇ. 71ಕ್ಕೆ ಅತಿವೇಗ ಕಾರಣವೆಂದು ಸರ್ಕಾರದ ವರದಿ ದಾಖಲಿಸಿದೆ.

ನಮ್ಮದೇ ಒಂದು ಪ್ರಾಯೋಗಿಕ

ಜನವರಿಯಲ್ಲಿ ದ್ವಿತೀಯ ಪಿಯುಸಿಯ ಕೆಲವರು ಸೇರಿ ಒಂದು ಅಳತೆ ಮಾಡಿದರು. ಕಾಲೇಜಿನ ಕಾಂಪೌಂಡ್ ಗೋಡೆಯ ಮೇಲೆ 50 ಮೀಟರ್ ಅಂತರದಲ್ಲಿ ಸುಣ್ಣದ ಎರಡು ಗೆರೆ. ಗೋಡೆಯ ಒಳಗೆ ನಿಂತು ಮೊಬೈಲಿನ ಸ್ಟಾಪ್‌ವಾಚ್ ಹಿಡಿಯುವುದು. ವಾಹನ ಈ ಗೆರೆಯಿಂದ ಆ ಗೆರೆಗೆ ಹೋಗಲು 6 ಸೆಕೆಂಡ್ ಹಿಡಿದರೆ ವೇಗ 30. ನಾಲ್ಕೂವರೆ ಸೆಕೆಂಡ್ ಆದರೆ 40. 3.6 ಸೆಕೆಂಡ್ ಆದರೆ 50. ಮೂರೇ ಸೆಕೆಂಡ್ ಆದರೆ 60. ಬೆಳಗ್ಗೆ ಕಾಲೇಜು ಸೇರುವ ಹೊತ್ತು, ಸಂಜೆ ಬಿಡುವ ಹೊತ್ತು, ಶುಕ್ರವಾರ ಜುಮಾ ಮುಗಿದು ರಸ್ತೆ ತುಂಬುವ ಹೊತ್ತು, ಹೀಗೆ ಮೂರು ಸಮಯ ಆರಿಸಿಕೊಂಡರು.

ಒಂದು ಸಂಗತಿ ಅವರಿಗೆ ಬೇಗ ತಿಳಿಯಿತು. ಜುಮಾ ಮುಗಿದ ಹೊತ್ತಿನಲ್ಲಿ ವಾಹನಗಳು ತಾವಾಗಿಯೇ ನಿಧಾನವಾಗುತ್ತವೆ, ಯಾಕೆಂದರೆ ರಸ್ತೆಯ ತುಂಬ ಜನ ಕಾಣುತ್ತಾರೆ. ಅಪಾಯ ಇರುವುದು ಜನ ಒಬ್ಬೊಬ್ಬರಾಗಿ ದಾಟುವ ಹೊತ್ತಿನಲ್ಲಿ, ರಸ್ತೆ ಖಾಲಿಯಾಗಿ ಕಾಣುವಾಗ.

ಇನ್ನೊಂದು ಸಂಗತಿ ನನಗೆ ತಿಳಿಯಿತು. ಮೂರನೇ ದಿನ ಒಬ್ಬ ಹುಡುಗ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಏನೂ ಹೇಳದೆ ನಿಂತ. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದ: ಬೂದು ಬಣ್ಣದ ಸ್ಕೂಟರ್, ಬೆಳಗ್ಗೆ 8.52, ಸಮಯ 4.1 ಸೆಕೆಂಡ್. ಅದು ನನ್ನ ಸ್ಕೂಟರ್. ಲೆಕ್ಕ ಹಾಕಿದೆ, ಗಂಟೆಗೆ 44 ಕಿ.ಮೀ. ಆಸ್ಪತ್ರೆಯಲ್ಲಿ ಆ ಯುವಕನ ಮೇಲೆ ಸಿಟ್ಟಾಗಿ ತಿಂಗಳೂ ತುಂಬಿರಲಿಲ್ಲ. "ನಾನು ಸ್ಪೀಡಲ್ಲಿ ಇರಲಿಲ್ಲ" ಎಂಬ ಮಾತು ನನ್ನ ಬಾಯಿಗೂ ಬಂದಿತ್ತು. ನುಂಗಿಕೊಂಡೆ.

ಎರಡು ಆಕ್ಷೇಪಗಳು

ಮೊದಲನೆಯದು, ತಡವಾಗುತ್ತದೆ ಎಂಬುದು. ಬಸ್ ನಿಲ್ದಾಣದಿಂದ ಕಾಲೇಜಿಗೆ 2 ಕಿ.ಮೀ. ಎಲ್ಲಿಯೂ ನಿಲ್ಲದೆ 50ರಲ್ಲಿ ಬಂದರೆ 2 ನಿಮಿಷ 24 ಸೆಕೆಂಡ್, 30ರಲ್ಲಿ ಬಂದರೆ 4 ನಿಮಿಷ. ವ್ಯತ್ಯಾಸ 96 ಸೆಕೆಂಡ್. ನಡುವೆ ತಿರುವು, ಬಸ್ಸು, ದನಕರು ಎಲ್ಲ ಇರುವುದರಿಂದ ಯಾರೂ ದಾರಿಯುದ್ದಕ್ಕೂ 50ರಲ್ಲಿ ಬರಲಾಗದು. ಹಾಗಾಗಿ ನಿಜವಾದ ನಷ್ಟ ಇನ್ನೂ ಕಡಿಮೆ. ಹೆದ್ದಾರಿಯನ್ನು ನಿಧಾನ ಮಾಡಿ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಮನೆ, ಶಾಲೆ, ಅಂಗಡಿಗಳ ನಡುವಿನ ಕೊನೆಯ ಒಂದೆರಡು ಕಿಲೋಮೀಟರಿನ ಮಾತು ಇದು.

ಎರಡನೆಯದು, ಬೋರ್ಡ್ ಹಾಕಿದರೆ ಯಾರು ಕೇಳುತ್ತಾರೆ ಎಂಬುದು. ಇದು ನಿಜವಾದ ಆಕ್ಷೇಪ. ಅಗಲವಾದ ನೇರ ರಸ್ತೆ ಮಾಡಿ 30ರ ಫಲಕ ನಿಲ್ಲಿಸಿದರೆ ಚಾಲಕನ ಕಾಲು ರಸ್ತೆಯ ಮಾತನ್ನು ಕೇಳುತ್ತದೆ, ಫಲಕದ ಮಾತನ್ನಲ್ಲ. ಅದಕ್ಕೇ ದಾಟುವ ಜಾಗದಲ್ಲಿ ರಸ್ತೆಯನ್ನು ಕಿರಿದು ಮಾಡುವುದು, ಎತ್ತರಿಸಿದ ಜೀಬ್ರಾ ದಾಟು, ಸರಿಯಾದ ಹಂಪ್ ಬೇಕು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಗೋಡೆಯಂಥ ದಿಬ್ಬ ಹಂಪ್ ಅಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. 25 ಕಿ.ಮೀ. ವೇಗದಲ್ಲಿ ಹೋಗುವವನ ಸೊಂಟಕ್ಕೆ ಅದು ನೋವು ಕೊಡುವುದಿಲ್ಲ, 50ರಲ್ಲಿ ಬರುವವನಿಗೆ ಮಾತ್ರ ಬುದ್ಧಿ ಹೇಳುತ್ತದೆ.

ನಾವು ಮಾಡಬಹುದಾದದ್ದು

ವಿದ್ಯಾರ್ಥಿಗಳ ಅಳತೆಯ ಹಾಳೆಗಳನ್ನು ಲಗತ್ತಿಸಿ, ನಮ್ಮ ಗೇಟಿನ ಎರಡೂ ಕಡೆಗೆ 30 ಕಿ.ಮೀ. ಮಿತಿ, ಫಲಕ, ಜೀಬ್ರಾ ದಾಟು ಮತ್ತು ಅಳತೆಗೆ ಸರಿಯಾದ ಹಂಪ್ ಬೇಕೆಂದು ಆಡಳಿತ ಮಂಡಳಿಯ ಮೂಲಕ ಮನವಿ ಕೊಟ್ಟಿದ್ದೇವೆ. ಇನ್‌ಶಾ ಅಲ್ಲಾಹ್, ಬೇಗ ಉತ್ತರ ಬರಲಿ. ಅದು ಬರುವವರೆಗೂ ಕಾಯದೆ ಸಿಬ್ಬಂದಿಯ ವಾಹನ ಮತ್ತು ಕಾಲೇಜು ವ್ಯಾನುಗಳಿಗೆ ವೃತ್ತದಿಂದ ಗೇಟಿನವರೆಗೆ 30 ಎಂದು ನಾವೇ ನಿಯಮ ಮಾಡಿಕೊಂಡಿದ್ದೇವೆ. ಮುಂದಿನ ವಾಹನ ನಿಧಾನವಾದರೆ ಹಿಂದಿನದೂ ನಿಧಾನವಾಗಲೇಬೇಕು. ಸರಾಸರಿ ಇಳಿಯುವುದು ಹೀಗೆಯೇ.

ಬೈಕಿನ ಕೀಲಿ ಕೇಳುವ ಹುಡುಗರಿಗೆ ಒಂದು ಮಾತು. ಗೇರ್ ಇರುವ ಬೈಕಿಗೆ ಪರವಾನಗಿ ಸಿಗುವುದು ಹದಿನೆಂಟು ತುಂಬಿದ ಮೇಲೆ. ಅದಕ್ಕೆ ಮೊದಲು ಓಡಿಸಿ ಅಪರಾಧವಾದರೆ ಕಾಯ್ದೆಯ 199ಎ ಕಲಮಿನಂತೆ ನಿಮ್ಮ ತಂದೆಗೋ ವಾಹನದ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ನಿಮಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ.

ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದು ಒಳ್ಳೆಯ ಕೆಲಸ ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿ ಬೆಳೆದವರು. ಜನ ನಡೆಯುವ ದಾರಿಯಲ್ಲಿ ನಮ್ಮ ಹೆಚ್ಚುವರಿ ಇಪ್ಪತ್ತು ಕಿ.ಮೀ. ವೇಗವೂ ಒಂದು ಮುಳ್ಳೇ. ಅದನ್ನು ಸರಿಸಲು ಬಗ್ಗಬೇಕಾಗಿಲ್ಲ, ಆಕ್ಸಿಲರೇಟರ್ ಸ್ವಲ್ಪ ಬಿಟ್ಟರೆ ಸಾಕು.

ಕಳೆದ ವಾರ ಅದೇ ಹುಡುಗರು ಮತ್ತೆ ಗೋಡೆಯ ಒಳಗೆ ನಿಂತಿದ್ದರು. ನನ್ನ ಸಮಯ 6.3 ಸೆಕೆಂಡ್. "ಸೈಕಲ್ ಹೋದ ಹಾಗಿತ್ತು ಸರ್" ಎಂದು ನಕ್ಕರು. ನಗಲಿ. ಆ ಹೊತ್ತಿಗೆ ಗೇಟಿನ ಮುಂದೆ ಇಬ್ಬರು ಮದರಸದ ಮಕ್ಕಳು ಓಡಿ ರಸ್ತೆ ದಾಟಿದರು. ನನಗೆ ಬ್ರೇಕ್ ಹಿಡಿಯಲು ಬೇಕಾದಷ್ಟು ಜಾಗವಿತ್ತು.

ಮನೆಯಲ್ಲಿ ಬಿಡಿಸಿ (ಪ್ರತಿಕ್ರಿಯೆಯ ಸಮಯ 1 ಸೆಕೆಂಡ್, ಬ್ರೇಕಿನ ಬೆಲೆ 6 ಎಂದಿಟ್ಟುಕೊಳ್ಳಿ):
1. ಗಂಟೆಗೆ 20 ಕಿ.ಮೀ. ವೇಗದ ವಾಹನ ನಿಲ್ಲಲು ಒಟ್ಟು ಎಷ್ಟು ದೂರ ಬೇಕು?
2. ಮೊಬೈಲ್ ನೋಡುತ್ತಿದ್ದ ಚಾಲಕನ ಪ್ರತಿಕ್ರಿಯೆಗೆ 2 ಸೆಕೆಂಡ್ ಹಿಡಿಯಿತು. ವೇಗ 30. ಅವನು ನಿಲ್ಲುವ ದೂರವನ್ನು 40ರಲ್ಲಿ ಬರುವ ಎಚ್ಚರದ ಚಾಲಕನ ದೂರದ ಜೊತೆ ಹೋಲಿಸಿ. ಏನು ತಿಳಿಯಿತು?
3. ಒಂದು ರಸ್ತೆಯ ಸರಾಸರಿ ವೇಗ 45ರಿಂದ 40ಕ್ಕೆ ಇಳಿಯಿತು. ನಿಲ್ಸನ್ ನಿಯಮದಂತೆ ಗಾಯದ ಅಪಘಾತ ಮತ್ತು ಸಾವಿನ ಅಪಘಾತ ಶೇಕಡಾ ಎಷ್ಟು ಕಡಿಮೆಯಾಗಬೇಕು?

ಉತ್ತರಗಳು ಮುಂದಿನ ಸಂಚಿಕೆಯಲ್ಲಿ. ಅದಕ್ಕಿಂತ ಮೊದಲು ಬಿಡಿಸಿದವರು ಸ್ಟಾಫ್ ರೂಮಿಗೆ ಬನ್ನಿ, ನಿಧಾನವಾಗಿ ನಡೆದುಕೊಂಡು.